ಹೆಲ್ಮೆಟ್ಟಿನ ಮೂಲಾರ್ಥ

ಹೆಲ್ಮೆಟ್ ಹಾಕಿಕೊಂಡೇ ಟೀ ಕುಡಿಯಲು ಹೊರಟವರನ್ನು ನೋಡಿದ್ದೀರಾ, ಸ್ನೇಹಿತರೇ? ನಾನು ಇವತ್ತು ಮಳವಳ್ಳಿಯಲ್ಲಿ ನೋಡಿದೆ. ನಮ್ಮ ಯಜಮಾನರೇ.

ಸ್ಕೂಟರಿನಲ್ಲಿ ಮುತ್ತತ್ತಿಗೆ ಹೊರಟವರು ಬಸ್‌ಸ್ಟ್ಯಾಂಡಿನ ಎದುರು ಟೀಗೆ ನಿಂತಿದ್ದೆವು. ದುದ್ದದಿಂದ ಬಂದ ಇವರ ಸೋದರತ್ತೆ ಬಸ್ಸಿನಿಂದ ಇಳಿದರು. ನಿನ್ನೆ ಅವರ ಮನೆಯ ಬೀಗರೂಟವನ್ನು ಇವರು ‘ವಿಪರೀತ ಜ್ವರ’ ಎಂದು ತಪ್ಪಿಸಿಕೊಂಡು ಕ್ರಿಕೆಟ್ ನೋಡಿದ್ದರು. ಪೊಲೀಸರನ್ನು ಕಂಡರೂ ಹೆಲ್ಮೆಟ್ ಹಾಕದ ಮನುಷ್ಯ, ಅತ್ತೆಯನ್ನು ಕಂಡದ್ದೇ ತಡ, ತಲೆಗೆ ಸಿಕ್ಕಿಸಿಕೊಂಡರು.

ಅತ್ತೆ ನನ್ನ ಗುರುತು ಹಿಡಿದು ನೇರ ಬಂದರು. “ಯಾಕ್ಲಾ, ಟೀ ಕುಡ್ಯಕ್ಕೂ ಎಲ್ಮೆಟ್ಟಾ?”

“ಸೀತ ಕಣತ್ತೆ,” ಎಂದಿತು ಹೆಲ್ಮೆಟ್.

“ತಗೀಲಾ, ಅಣೆ ಮುಟ್ ನೋಡ್ತೀನಿ.” ಮುಟ್ಟಿದರು. “ತಣ್ಣಗದೆ! ನಿಂಗೇಂತ ಬಾಡು ಎತ್ತಿಟ್ಟಿದ್ನಲ್ಲೋ! ನಾಯಿಗಾಕಿದ್ರೆ ಬಾಲನಾದ್ರೂ ಅಲ್ಲಾಡ್ಸೋದು!”

ಇಂಗ್ಲಿಷ್ ಪಾಠ ಹೇಳುವ ನಾನು ದಾರಿಯಲ್ಲಿ ಸಮಾಧಾನ ಮಾಡಿದೆ. “ಹೆಲ್ಮೆಟ್ ಪದದ ಬೇರಿಗೆ ಮುಚ್ಚಿಡು, ಬಚ್ಚಿಡು ಅಂತಲೇ ಅರ್ಥ. ನೀವು ಸರಿಯಾಗೇ ಬಳಸಿದ್ದೀರಿ. ನರಕಕ್ಕೆ ಹೇಳೋ ‘ಹೆಲ್’ ಕೂಡ ಅದೇ ಬೇರಿನದು.”

“ಅದು ಅತ್ತೆ ಬಸ್ ಇಳ್ದಾಗ್ಲೇ ಗೊತ್ತಾಯ್ತು ಬುಡು,” ಎಂದರು.

ಮುತ್ತತ್ತಿ ಬಂದರೂ ಹೆಲ್ಮೆಟ್ ತೆಗೆಯಲಿಲ್ಲ. ಪೊಲೀಸರೇ, ದಂಡ ಹಾಕಿದ್ದು ಸಾಕು. ಸರ್ಕಲ್ಲಿಗೊಬ್ಬ ಸೋದರತ್ತೆಯನ್ನು ನಿಲ್ಲಿಸಿ.