ಎಫ್‌ಎನ್ ಕೀಗೆ ನನ್ನ ಬೆರಳು

ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನನ್ನನ್ನು ಕೂಗುವವರಿಲ್ಲ. ಅವರು ಕೂಗುತ್ತಿದ್ದುದು ಹೆಚ್ಚಾಗಿ ಒಂದು ಬೆರಳಿಗಾಗಿ.

ಕಾರ್ಕಳದಲ್ಲಿ ಅವರು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಪ್ರತಿ ಬೆರಳಿಗೂ ಅದರದೇ ಕೀಗಳು. ಒಂದು ಬೆರಳು ಇನ್ನೊಂದರ ಕೆಲಸಕ್ಕೆ ಹೋದರೆ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಟೈಪ್‌ರೈಟರ್ ಕಾಲ ಮುಗಿದು ಕ್ಲಾಸ್ ಮುಚ್ಚಿದ ಮೇಲೆ, ಮಣಿಪಾಲದಿಂದ ಹಳೆಯ ಲ್ಯಾಪ್‌ಟಾಪ್ ತಂದು ಮನೆಯಲ್ಲೇ ಊರವರ ಅರ್ಜಿ ಟೈಪ್ ಮಾಡಿಕೊಡತೊಡಗಿದರು.

ಅದರ ಎಡಮೂಲೆಯಲ್ಲಿ ಎಫ್‌ಎನ್ ಎಂಬ ಕೀ ಇತ್ತು. ಅದನ್ನು ಹಿಡಿದುಕೊಂಡು, ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರವಿದ್ದ ಕೀ ಒತ್ತಿದರೆ ಪರದೆಯ ಬೆಳಕು ಹೆಚ್ಚುತ್ತಿತ್ತು. ಯಜಮಾನರಿಗೆ ಇದು ದೊಡ್ಡ ಅಶಿಸ್ತು. ಅವರ ಯಾವ ಪಾಠದಲ್ಲೂ ಎಫ್‌ಎನ್‌ಗೆ ಬೆರಳು ಕೊಟ್ಟಿರಲಿಲ್ಲ.

“ಹೋಯ್, ಬಾ ಮಾರಾಯ್ತಿ, ಒಂದು ಬೆರಳು ಬೇಕು!”

“ನಿಮ್ಮ ಬೆರಳುಗಳಿಗೆ ಎಂತ ಆಗಿದೆ?”

“ಅವಕ್ಕೆಲ್ಲ ಕೆಲಸ ಉಂಟು. ನಿನ್ನದು ಖಾಲಿ ಅಲ್ವಾ?”

ಬೂತಾಯಿ ಮೀನು ಶುಚಿ ಮಾಡುತ್ತಿದ್ದ ಕೈ ತೊಳೆದು ಹೋಗಿ ಎಫ್‌ಎನ್ ಹಿಡಿಯುತ್ತಿದ್ದೆ. ಅವರು ಸೂರ್ಯನನ್ನು ಒತ್ತುತ್ತಿದ್ದರು. ವಾಸನೆಗೆ ಮೂಗು ಮುಚ್ಚಿಕೊಳ್ಳಲು ಮಾತ್ರ ಅವರಿಗೆ ಖಾಲಿ ಬೆರಳು ಸಿಗುತ್ತಿತ್ತು.

ಒಮ್ಮೆ ಲ್ಯಾಪ್‌ಟಾಪ್ ಕೆಟ್ಟಾಗ ಅಂಗಡಿಯವರು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟರು. ಮನೆಗೆ ತಂದು ಇಬ್ಬರೂ ಒತ್ತಿದೆವು. ಬೆಳಕು ಹೆಚ್ಚಲಿಲ್ಲ.

“ನಿನ್ನ ಬೆರಳಿನ ಕೆಲಸ ಹೋಯಿತು,” ಎಂದು ನಕ್ಕರು.

ನಾನೂ ನಕ್ಕೆ. ಆದರೆ ಅಡುಗೆಮನೆಯಲ್ಲಿ ಅವರ ಕೂಗಿಗೆ ಕಿವಿ ಕಾಯುತ್ತಲೇ ಇತ್ತು. ಕೊನೆಗೆ, “ಈ ಮಂಕು ಬೆಳಕಲ್ಲಿ ಕಣ್ಣು ಹಾಳಾಗ್ತದೆ, ಸರಿ ಮಾಡಿಸಿಕೊಂಡು ಬನ್ನಿ,” ಎಂದು ನಾನೇ ಮಣಿಪಾಲದ ಬಸ್ಸು ಹತ್ತಿಸಿದೆ. ಹೊಸ ಸಿಸ್ಟಮ್‌ಗೆ ಈ ಕೀಗಳ ಗುರುತಿಲ್ಲ, ಲ್ಯಾಪ್‌ಟಾಪ್ ಕಂಪೆನಿಯವರ ಡ್ರೈವರ್ ಎಂಬ ಪ್ರೋಗ್ರಾಮು ಬೇರೆಯೇ ಹಾಕಬೇಕು ಎಂದು ಅಂಗಡಿಯವರು ಅದನ್ನೂ ಹಾಕಿಕೊಟ್ಟರಂತೆ. ಮರುದಿನ ಬೆಳಿಗ್ಗೆ ಕೂಗು ಬಂತು. ಕೈ ತೊಳೆಯದೆ ಓಡಿದೆ. ಬೈಗುಳವೂ ಸಿಕ್ಕಿತು.

ಮೊನ್ನೆ, ಯಾರದಾದರೂ ಅರ್ಜಿ ಅರ್ಧಕ್ಕೆ ನಿಂತಿದೆಯೇ ಎಂದು ನೋಡಲು ಲ್ಯಾಪ್‌ಟಾಪ್ ತೆರೆದೆ. ಪರದೆ ಮಂಕಾಗಿತ್ತು. ಅಭ್ಯಾಸದಂತೆ ಎಫ್‌ಎನ್ ಹಿಡಿದು, ಸೂರ್ಯನನ್ನು ಒತ್ತುವ ಅವರ ಬೆರಳಿಗೆ ಕಾದೆ. ಬಹಳ ಹೊತ್ತಿನ ಮೇಲೆ ಇನ್ನೊಂದು ಕೈಯಿಂದ ಸೂರ್ಯನನ್ನು ಒತ್ತಿದೆ. ಬೆಳಕು ಬಂತು. ಇಷ್ಟೇ. ದಿನವಿಡೀ ಒಂದು ಕೈಯಲ್ಲಿ ಶಿಫ್ಟ್ ಕೀ ಹಿಡಿದು ಇನ್ನೊಂದರಲ್ಲಿ ಅಕ್ಷರ ಒತ್ತುತ್ತಿದ್ದವರಿಗೆ ಇದು ಗೊತ್ತಿರಲಿಲ್ಲವೇ?

“ದೊಡ್ಡ ಕಳ್ಳರು ನೀವು,” ಎಂದೆ.

ನಾನೂ ಕಡಿಮೆಯವಳಲ್ಲ. ಇದಕ್ಕೆ ಒಬ್ಬರೇ ಸಾಕೆಂದು ನನಗೂ ಮೊದಲೇ ಗೊತ್ತಿತ್ತು. ಪರದೆಯ ಬೆಳಕನ್ನು ಮತ್ತೆ ಇಳಿಸಿ, ಎಫ್‌ಎನ್ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಿದ್ದೆ.