ಎಡ್ನಾ ತಾವ್ರೊಗೆ ಬರಬೇಕಿದ್ದ ಬೈಗುಳ

ದೋಹಾದಲ್ಲಿರುವ ಕರಾವಳಿಯ ಜನ ಎಡ್ನಾ ತಾವ್ರೊಗೆ ಒಂದು ಬೈಗುಳ ಬಾಕಿ ಇಟ್ಟುಕೊಂಡಿದ್ದರು. ಮೂವತ್ತೊಂದು ವರ್ಷದ ಬಾಕಿ.

ಕರಾವಳಿಯ ಕಥೋಲಿಕರಲ್ಲಿ ಮದುವೆಯ ಮುನ್ನಾದಿನ ರೋಸ್ ಎಂಬ ಶಾಸ್ತ್ರ. ಮದುಮಕ್ಕಳ ತಲೆಗೆ ತೆಂಗಿನ ಹಾಲು ಹಾಕಿ ಹೆಂಗಸರು ವೋವಿ ಎಂಬ ಸೋಬಾನೆ ಹಾಡುತ್ತಾರೆ. ದೋಹಾದಲ್ಲಿ ಎರಡೂ ಕಡೆಯವರ ರೋಸ್ ಒಂದೇ ಮನೆಯಲ್ಲಿ ಮುಗಿಯುವುದರಿಂದ ಹಾಡಿನಲ್ಲೇ ಜಗಳ ಶುರುವಾಗುತ್ತದೆ. ಹೆಣ್ಣಿನ ಕಡೆಯ ಹಾಡುಗಾರ್ತಿ ಗಂಡಿನ ಮನೆತನದ ಹೆಸರು ಹಿಡಿದು ಕಾಲೆಳೆಯಬೇಕು. ಗಂಡಿನವರು ಹಾಡಿದವಳ ಮನೆತನ ಹಿಡಿದು ತಿರುಗಿ ಎಳೆಯಬೇಕು.

ಎಡ್ನಾ ದೋಹಾ ಅಲ್ ಜದೀದಾದ ಟೈಪಿಂಗ್ ಸೆಂಟರಿನಲ್ಲಿ ಕೂತು ಕಂಡವರ ವೀಸಾ ಅರ್ಜಿ ಬಡಿದು ಮೂವರು ತಂಗಿಯರ ಮದುವೆ ದಾಟಿಸಿದಳು. ತಾನು ಮದುವೆಯಾಗಲಿಲ್ಲ. ಹಾಡಲು ಮಾತ್ರ ಎಲ್ಲರಿಗೂ ಅವಳೇ ಬೇಕು. ಅವಳು ಕಾಲೆಳೆದರೆ ಗಂಡಿನವರು ನಗುತ್ತಾರೆ, ಸೀರೆ ಕೊಡುತ್ತಾರೆ, ತಿರುಗಿ ಹಾಡುವುದಿಲ್ಲ. “ಪಾಪ, ಒಂಟಿ ಹೆಂಗಸು.” ಆ ‘ಪಾಪ’ವನ್ನು ಅವಳು ಮೂವತ್ತೊಂದು ವರ್ಷ ನುಂಗಿದ್ದಾಳೆ. ಅರಗಲಿಲ್ಲ.

ಕಳೆದ ಶುಕ್ರವಾರ ಮಧ್ಯಾಹ್ನ ಅಲ್ ಗರಾಫಾದ ಮನೆಯಲ್ಲಿ ಬೆನಿಟಾಳ ರೋಸ್. ಅಪ್ಪ ಟೋನಿ ಹಮದ್ ಬಂದರಿನಲ್ಲಿ ಗುಮಾಸ್ತ. ಹುಡುಗ ಐರ್ಲೆಂಡಿನವನು, ಮನೆತನ ಗೆರಾಟಿ. ಅವನ ಕಡೆಯಿಂದ ಬಂದದ್ದು ತಾಯಿ ಬ್ರೀಡಾ ಒಬ್ಬಳೇ.

“ನಿಮ್ಮ ಹೆಸರಿನ ಗಾದೆ ಏನಾದ್ರೂ ಉಂಟಾ ಮಾರಾಯಾ?” ಎಂದು ಎಡ್ನಾ ಮೊದಲೇ ಹುಡುಗನನ್ನು ವಿಚಾರಿಸಿಕೊಂಡಿದ್ದಳು. ಇತ್ತು. ಗೆರಾಟಿಗಳು ಕೂತಲ್ಲಿಂದ ಏಳದ ಜನ ಎಂದು ಅವನ ಹಳ್ಳಿ ಆಡಿಕೊಳ್ಳುತ್ತದಂತೆ. ಡಬ್ಬಿಯ ತೆಂಗಿನ ಹಾಲು ಬ್ರೀಡಾಳ ಕೈಯಿಂದ ಬೆನಿಟಾಳ ಕೂದಲಿಗಿಳಿಯುತ್ತಿದ್ದಂತೆ ಎಡ್ನಾ ಕೊಂಕಣಿಯಲ್ಲಿ ಸ್ವರ ಎತ್ತಿದಳು:

“ಗೆರಾಟಿ ಬಂದ, ಚಾ ಕೆಟಲ್ ಅಡಗಿಸು,
ಅಡಗಿಸಿದರೂ ಏಳ, ಬೆಳಗಾಗುವ ತನಕ!”

ಹೆಂಗಸರು ಹೋ ಎಂದರು. ಟೋನಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದ. ಬ್ರೀಡಾಳ ಮುಖ ಕೆಂಡವಾಯಿತು. ಅವಳು ಎದ್ದು ನಿಂತಳು.

“ಇವಳ ಮನೆ ಹೆಸರೇನು?”

“ತಾವ್ರೊ. ಬಿಡಿ ಮೇಡಂ, ತಮಾಷೆ. ಎಡ್ನಾಬಾಯಿಗೆ ಯಾರೂ ತಿರುಗಿ ಹಾಡೂದಿಲ್ಲ.”

“ಯಾಕೆ?”

ಟೋನಿ ಖಾಲಿ ಡಬ್ಬಿ ಎತ್ತಿ ಬದಿಗಿಟ್ಟ.

“ನಮ್ಮಲ್ಲಿ ಹೆಸರಿಗೆ ಕೈ ಹಾಕಿದವರನ್ನು ಸುಮ್ಮನೆ ಬಿಡುವುದಿಲ್ಲ,” ಎಂದು ಬ್ರೀಡಾ ಸೊಂಟಕ್ಕೆ ಕೈಯಿಟ್ಟು, ತನ್ನೂರಿನ ಒರಟು ಧಾಟಿಯಲ್ಲಿ ಹಾಡಿದಳು. ಟೋನಿ ತೊದಲುತ್ತಾ ಕೊಂಕಣಿಗಿಳಿಸಿದ:

“ತಾವ್ರೊ ಹಾಡಿದಳು, ಹಸುವಿನ ಹಾಲು ಬತ್ತಿತು,
ತಾವ್ರೊ ಸುಮ್ಮನಾದಳು, ಹಸು ಮನೆ ಹುಡುಕಿಕೊಂಡು ಬಂತು!”

ಹೆಂಗಸರೆಲ್ಲ ಎಡ್ನಾಳತ್ತ ತಿರುಗಿದರು. ಬೆನಿಟಾ ಮೆಲ್ಲಗೆ, “ಆಂಟಿ, ಬೇಜಾರಾಯ್ತಾ?” ಎಂದಳು.

“ಬೇಜಾರಾ? ಬಾಯಿ ಮುಚ್ಚು ಮಾರಾಯ್ತಿ, ಇನ್ನೊಮ್ಮೆ ಕೇಳ್ಬೇಕು ನನಗೆ.” ಎಡ್ನಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. “ಹೇಳಿ ಅವರಿಗೆ, ಟೋನಿ. ನನ್ನ ಹಸು ಅಲ್ಲ ಅದು, ಗೆರಾಟಿ ಮನೆಯದ್ದು. ಚಾಗೆ ಹಾಲು ಕೇಳ್ಲಿಕ್ಕೆ ಬಂದದ್ದು!”

ಬ್ರೀಡಾ ಅರ್ಥ ಕೇಳಿ ಬಿದ್ದು ಬಿದ್ದು ನಕ್ಕಳು, ತೆಂಗಿನ ಹಾಲಿನ ಕೈಯಲ್ಲೇ ಎಡ್ನಾಳ ಕೆನ್ನೆ ಹಿಡಿದಳು. ಆಮೇಲೆ ಒಂದು ಗಂಟೆ ತಾವ್ರೊ, ಗೆರಾಟಿ ಎರಡೂ ಮನೆತನದ ಮಾನ ಹರಾಜಾಯಿತು. ಬೆನಿಟಾಳ ತಲೆ ಒಣಗಿದ್ದು ಯಾರಿಗೂ ನೆನಪಿಲ್ಲ.

ನಿಮ್ಮ ಮನೆಯ ಮದುವೆಯಲ್ಲೂ ಒಬ್ಬಳು ಗಂಟಲು ಹರಿದುಕೊಂಡು ಹಾಡಿದ್ದಾಳೆ. ಸೀರೆ ಕೊಟ್ಟು ಕಳಿಸಿದ್ದೀರಿ. ಅವಳ ಮನೆತನದ ಹೆಸರು ಗೊತ್ತಾ ನಿಮಗೆ? ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಕೇಳಿ, ಅವಳ ಎದುರು ನಿಂತು ಹಾಡಿ. ಪಾಪ ಅನ್ನಬೇಡಿ, ಬಾಕಿ ತೀರಿಸಿ.