ಇಂಜಿನ್ನಿಗೆ ಹೊದಿಸಿದ ಗೋಣಿ

...ಅಥವಾ ಅದು ಗೋಣಿಚೀಲವಲ್ಲ, ಹಳೇ ಕಂಬಳಿ ಇರಬೇಕು. ಖಚಿತವಾಗಿ ಹೇಳಲಾರೆ. ಈ ಬೆಳಿಗ್ಗೆ ಕೆ.ಆರ್. ನಗರದ ಬಸ್ಸಿನಲ್ಲಿ ಬಾನೆಟ್ಟಿನ ಪಕ್ಕ ಕೂತಿದ್ದಾಗ ಬಿಸಿ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹನಗೋಡಿನ ಹೊಳೆದಂಡೆ, ದೊಡ್ಡವ್ವ, ಕಮಟು ಹೊಗೆ ಎಲ್ಲ ಸಾಲಾಗಿ ಬಂದವು. ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದರೆ ನನಗೆ ಅನುಮಾನ. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಸೌದೆ ಉರಿಸಿ ಹೊಗೆಸೊಪ್ಪು ಬೇಯಿಸುವ ಮಣ್ಣಿನ ಮನೆ, ಅಂದರೆ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗೆಷ್ಟು ಕಾವಿದೆ ಎಂದು ಹೇಳಿಬಿಡುತ್ತಿದ್ದಳು. ಥರ್ಮಾಮೀಟರು ಆಮೇಲೆ ಅವಳನ್ನು ಒಪ್ಪುತ್ತಿತ್ತು. ಗೋಡೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಮಣ್ಣು ಮೆತ್ತುವಳು. ಹೊರಗೆ ಹೋದ ಶಾಖವೆಲ್ಲ ಅವಳ ಲೆಕ್ಕದಲ್ಲಿ ಕಳ್ಳತನವಾದ ಶಾಖ.

ನಾನು ಆಗಷ್ಟೇ ಪಿಯು ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದ್ದೆ. ಹೊಸ ಮೇಷ್ಟ್ರಿಗೆ ಹೊಳೆದಂಡೆಯೂ ತರಗತಿಯೇ. ಬಿರುಬೇಸಿಗೆ, ದೊಡ್ಡವ್ವ ಡೀಸೆಲ್ ಇಂಜಿನ್ ಇಟ್ಟು ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಹಾಯಿಸುತ್ತಿದ್ದಳು. ಎರಡು ದಿನ ನೀರು ತಪ್ಪಿದರೆ ಆ ಎಳೆ ಸಸಿ ಉಳಿಯುವುದಿಲ್ಲ. ಸಸಿ ಹೋದರೆ ಮುಂಗಾರಿಗೆ ನಾಟಿಯೇ ಇಲ್ಲ. ಅಂಥ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟೆ.

"ದೊಡ್ಡವ್ವ, ನೀನು ಹಾಕೋ ಡೀಸೆಲ್‌ನಲ್ಲಿ ಅರ್ಧ ಪಾಲೂ ಕೆಲಸಕ್ಕೆ ಬರಲ್ಲ. ಮಿಕ್ಕಿದ್ದು ಬರೀ ಶಾಖ ಆಗಿ ಆಚೆ ಹೋಗ್ತದೆ."

ಇಂಜಿನ್ನನ್ನು ತಂಪು ಮಾಡಿ ಸಣ್ಣ ಕೊಳವೆಯಿಂದ ಹೊರಬೀಳುತ್ತಿದ್ದ ಹೊಳೆನೀರಿಗೆ ಅವಳು ಬೆರಳಿಟ್ಟಳು. "ಅಯ್ಯೋ, ಮೈ ತೊಳ್ಕೊಳೋ ಅಷ್ಟು ಕಾದದೆ ಕಣ್ಲಾ! ಇದ್ನ ಕಾಲುವೆಗೆ ಬುಡ್ತಾ ಇವ್ನಿ. ಬ್ಯಾರನ್ ಬಾಗ್ಲು ತೆಗ್ದಿಟ್ಟು ಸೌದೆ ಉರ್ಸ್‌ದಂಗಾತಲ್ಲ!"

ಇಂಜಿನ್ನಿಗೆ ಗೋಣಿ (ಗೋಣಿಯೇ ಎಂದಿಟ್ಟುಕೊಳ್ಳೋಣ) ಸುತ್ತಿದ್ದಾಯಿತು. ತಂಪುನೀರಿನ ನಲ್ಲಿಯನ್ನು ಮುಕ್ಕಾಲು ಮುಚ್ಚಿದ್ದೂ ಆಯಿತು. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತು. ದಕ್ಷತೆ ಹೆಚ್ಚಿದೆ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಸಂಶೋಧನೆ ಅದೊಂದೇ. ಆಮೇಲೆ ಗೋಣಿ ಹೊಗೆಯಾಡಿತು. ಇಂಜಿನ್ ಒಮ್ಮೆ ಕಿರುಚಿ, ಕಚ್ಚಿಕೊಂಡು ನಿಂತಿತು.

ಹುಣಸೂರಿನಿಂದ ಮೆಕ್ಯಾನಿಕ್ ಮುನೀರ್ ಸಾಬರು ಬಂದರು. ಗೋಣಿ ನೋಡಿ ನಗು ತಡೆದುಕೊಂಡರು.

"ಅಮ್ಮಾ, ಇದು ಬ್ಯಾರನ್ ಅಲ್ಲ. ಶಾಖ ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಹರೀತಾ ಇರ್ಬೇಕು. ಹರಿಯೋವಾಗ ನಾವು ಕೆಲಸ ತಗೋಬೇಕು. ತಣ್ಣನೆ ಕಡೇನೇ ಮುಚ್ಚಿಬಿಟ್ರೆ ಎಲ್ಲಿಗೆ ಹೋಗ್ತದೆ?"

"ಸುಡೋದು ನಮ್ಮ ಡೀಸೆಲ್ಲು, ಅದ್ರಲ್ಲಿ ಹೊಳೆಗೂ ಪಾಲು ಕೊಡ್ಬೇಕಾ?"

"ಕೊಡ್ದಿದ್ರೆ ನಿಮ್ಮ ಪಾಲೂ ಇಲ್ಲಮ್ಮಾ. ಯಾಕೆ, ಮೇಷ್ಟ್ರು ಹೇಳ್ಲಿಲ್ವಾ?"

ಮೇಷ್ಟ್ರು ಹೊಳೆಯ ಕಡೆ ನೋಡುತ್ತಿದ್ದರು. ಹಿಂದಿನ ವಾರ ಅವರು ಇದನ್ನೇ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

ರಿಪೇರಿಗೆ ನಾಲ್ಕು ದಿನ. ಅಕ್ಕಪಕ್ಕದವರ ಇಂಜಿನ್‌ಗಳು ಅವರವರ ಮಡಿಗೇ ಸಾಲವು. ದೊಡ್ಡವ್ವನೂ ನಾನೂ ಬಿಂದಿಗೆ ಹಿಡಿದೆವು. ಮೂರನೇ ಸುತ್ತಿಗೆ ನಾನು ನಿಂತು ಮುಖ ಒರೆಸಿಕೊಂಡರೆ, ಹಿಂದಿನಿಂದ ಅವಳ ದನಿ: "ಬೆವ್ರು ಒರೆಸ್ಬ್ಯಾಡ ಕಣ್ಲಾ, ಸುರೀಲಿ ಬುಡು! ನೀನೂ ಕಚ್ಕೊಂಡು ನಿಂತ್ರೆ ಸಾಬ್ರು ಯಾರ್ಯಾರ್‍ನ ಬಿಚ್ತಾರೆ?" ಹೊಳೆಗೆ ಹತ್ತಿರದ ಮಡಿಗಳು ಉಳಿದವು. ದೂರದವು ಬಾಡಿ ನೆಲಕ್ಕಂಟಿದವು. ಆ ವರ್ಷ ದೊಡ್ಡವ್ವ ಅರ್ಧ ಹೊಲಕ್ಕೆ ಹೊಗೆಸೊಪ್ಪು ನೆಟ್ಟು, ಇನ್ನರ್ಧಕ್ಕೆ ರಾಗಿ ಚೆಲ್ಲಿದಳು.

ಪ್ರತಿವರ್ಷ ಶಾಖದ ಪಾಠ ಬಂದಾಗ ಹುಡುಗರಿಗೆ ಈ ಕಥೆ ಹೇಳಿ ನಗಿಸುತ್ತೇನೆ. "ನಮ್ಮ ದೊಡ್ಡವ್ವ ನಲ್ಲಿ ಮುಚ್ಚಿದಳು" ಎನ್ನುತ್ತಿದ್ದೆ. ಇವತ್ತು ತರಗತಿಯಲ್ಲಿ ಆ ವಾಕ್ಯದ ಹತ್ತಿರ ಬಂದಾಗ "ನಾವು ಮುಚ್ಚಿದೆವು" ಎಂದೆ. ಗೋಣಿ ಸುತ್ತಿದ ಅವಳ ಕೈ ಕಣ್ಣಿಗೆ ಕಟ್ಟಿದಂತಿದೆ. ನಲ್ಲಿ ತಿರುಗಿಸಿದ್ದು ಅವಳೋ ನಾನೋ, ನನಗೆ ಗೊತ್ತಿಲ್ಲ.